ಚಿತ್ರದ ಕೆಳಗಿನ ಬೆಲೆಚೀಟಿ

ಕ್ರೈಸ್ತ ಕಲಾವಿದರ ಪ್ರದರ್ಶನ ಮತ್ತು ಮಾರಾಟದ ಸಂದರ್ಭದಲ್ಲಿ ಹೊರಡುತ್ತಿರುವ ಈ ಸಂಚಿಕೆಗೆ ಸಮಿತಿಯವರು ಕೇಳಿದ್ದು ಹಿರಿಯರ ಸ್ಮರಣೆಯನ್ನು. ಹಿರಿಯರನ್ನು ನೆನೆಯುವಾಗ ಅವರ ಭಕ್ತಿ, ತ್ಯಾಗ, ಪ್ರತಿಭೆ ಇಷ್ಟನ್ನು ಹೇಳಿ ಕೈಮುಗಿಯುವುದು ನಮ್ಮ ವಾಡಿಕೆ. ಅವರ ಹೊಟ್ಟೆಪಾಡು ಹೇಗೆ ಸಾಗಿತು, ಬಣ್ಣಕ್ಕೂ ಕಾಗದಕ್ಕೂ ದುಡ್ಡು ಎಲ್ಲಿಂದ ಬಂತು, ಬರೆದದ್ದನ್ನು ಕೊಂಡವರು ಯಾರು ಎಂದು ಕೇಳಿದರೆ ಏನೋ ಅಪಚಾರವಾದಂತೆ ಮುಖ ತಿರುಗಿಸುತ್ತೇವೆ. ನನಗನ್ನಿಸುವ ಮಟ್ಟಿಗೆ ಈ ಪ್ರಶ್ನೆಗಳಲ್ಲೇ ನಮ್ಮ ಕಲೆಯ ನಿಜವಾದ ಚರಿತ್ರೆ ಇದೆ. ಭಾರತದ ಕ್ರೈಸ್ತ ಚಿತ್ರಕಲೆಗೆ ಬಲಿಪೀಠ ಗೌರವ ಕೊಟ್ಟಿತು, ಅದೂ ತಡವಾಗಿ. ಅನ್ನ ಕೊಟ್ಟದ್ದು ಮಾತ್ರ ಪ್ರದರ್ಶನದ ಗೋಡೆ, ಅಚ್ಚಿನ ಮನೆ, ಮಾರಾಟದ ಮೇಜು. ಮೇಜಿನ ಪಕ್ಷ ವಹಿಸುವವನ ಬರಹ ಇದು ಎಂಬುದನ್ನು ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು.

ಆಂಜೆಲೊ ದ ಫೊನ್ಸೆಕರಿಂದಲೇ ಆರಂಭಿಸಬೇಕು. 1902ರಲ್ಲಿ ಗೋವೆಯಲ್ಲಿ ಹುಟ್ಟಿದ ಫೊನ್ಸೆಕ ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟರು, ಮುಂಬಯಿಯ ಜೆ.ಜೆ. ಕಲಾಶಾಲೆಯ ಪಾಶ್ಚಾತ್ಯ ಪಾಠ ಒಗ್ಗದೆ ಅದನ್ನೂ ಬಿಟ್ಟರು, ಬಂಗಾಳಕ್ಕೆ ಹೋಗಿ ಅವನೀಂದ್ರನಾಥ ಠಾಕೂರ್ ಮತ್ತು ನಂದಲಾಲ್ ಬೋಸ್ ಅವರ ಶಿಷ್ಯರಾದರು. ನಮ್ಮ ಕೆ. ವೆಂಕಟಪ್ಪನವರು ಅವರಿಗಿಂತ ಮೊದಲೇ ಕಲ್ಕತ್ತೆಯಲ್ಲಿ ಕಲಿತದ್ದೂ ಇದೇ ಅವನೀಂದ್ರನಾಥರಲ್ಲಿ. ಹಾಗಾಗಿ ಫೊನ್ಸೆಕರ ಜಲವರ್ಣದ ತೆಳುಪದರಗಳು ಕನ್ನಡಿಗರ ಕಣ್ಣಿಗೆ ಹೊಸವಲ್ಲ. 1930ರ ದಶಕದ ಆರಂಭದಲ್ಲಿ ಗೋವೆಗೆ ಮರಳಿದ ಅವರು ಮಾತೆ ಮರಿಯಳಿಗೆ ಸೀರೆ ಉಡಿಸಿದರು, ಇಲ್ಲಿನ ಹೆಣ್ಣುಮಕ್ಕಳ ಮೈಬಣ್ಣ ಕೊಟ್ಟರು. ಊರವರು ಸಿಟ್ಟಾದರು. ಪೋರ್ಚುಗೀಸರ ಗೋವೆಯಲ್ಲಿ ಮರಿಯಳ ಮುಖ ಹೇಗಿರಬೇಕೆಂಬುದು ಆಗಲೇ ತೀರ್ಮಾನವಾಗಿಹೋಗಿತ್ತು. ಫೊನ್ಸೆಕ ಪುಣೆಗೆ ಹೊರಟರು. ಅಲ್ಲಿ ಅವರಿಗೆ ನೆರಳಾದದ್ದು ಜಾಕ್ ವಿನ್‌ಸ್ಲೊ 1922ರಲ್ಲಿ ಕಟ್ಟಿದ ಕ್ರಿಸ್ತ ಸೇವಾ ಸಂಘದ ಪರಂಪರೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮ. ಕಥೋಲಿಕ ಚಿತ್ರಕಾರನಿಗೆ ಆಂಗ್ಲಿಕನ್ನರ ಆಶ್ರಮ ಜಾಗ ಕೊಟ್ಟಿತೆಂಬುದನ್ನು ನಮ್ಮ ಸಭೆಗಳು ಇಂದಿಗೂ ನೆನಪಿಡಬೇಕು. ಇನ್ನೊಬ್ಬ ಬೆಂಬಲಿಗರು ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನ ಜೆಸ್ವಿತ್ ಗುರು ಹೆನ್ರಿ ಹೆರಾಸ್. ವಿಜಯನಗರದ ಅರವೀಡು ವಂಶದ ಇತಿಹಾಸ ಬರೆದ ಅದೇ ಹೆರಾಸ್. ಹಂಪೆಯ ಕಲ್ಲುಗಳನ್ನು ಓದಿದ ಕಣ್ಣಿಗೆ ಸೀರೆಯುಟ್ಟ ಮರಿಯ ಸಹಜವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಮೆಚ್ಚುವವರು ಹೀಗೆ ಸಿಕ್ಕರು, ಬರೆಸುವ ಚರ್ಚುಗಳು ಮಾತ್ರ ವಿರಳ. ನನ್ನ ವಾದ ನಿಂತಿರುವುದು ಈ ಸಂಗತಿಯ ಮೇಲೆಯೇ. ಚರ್ಚಿನ ಗೋಡೆಗೆ ಒಂದು ಚಿತ್ರ ಏರಬೇಕಾದರೆ ಧರ್ಮಾಧ್ಯಕ್ಷರು, ಗುರುಗಳು, ಸಮಿತಿ, ದಾನಿಗಳು ಎಲ್ಲರೂ ತಲೆಯಾಡಿಸಬೇಕು. ಒಬ್ಬರು ಬೇಡವೆಂದರೂ ಕೆಲಸ ಕೆಟ್ಟಿತು. ಪ್ರದರ್ಶನದಲ್ಲಿ ಒಬ್ಬರು ಬೇಕೆಂದರೆ ಸಾಕು. ಎಲ್ಲರ ಒಪ್ಪಿಗೆ ಬೇಡುವ ಕಡೆ ಹಳೆಯ ರೂಪಗಳಷ್ಟೇ ಉಳಿಯುತ್ತವೆ, ಹೊಸದಕ್ಕೆ ಒಬ್ಬ ಧೈರ್ಯವಂತ ಗಿರಾಕಿ ಬೇಕು. ಫೊನ್ಸೆಕರ ಕಾಲದಲ್ಲಿ ಅಂಥ ಗಿರಾಕಿಗಳು ಸಾಕಷ್ಟು ಇರಲಿಲ್ಲ. 1967ರಲ್ಲಿ ಅವರು ತೀರಿಕೊಂಡ ಮೇಲೆ ದೊಡ್ಡದೊಂದು ಸಂಗ್ರಹ ಪತ್ನಿ ಐವಿಯವರ ಜೋಪಾನದಲ್ಲೇ ದಶಕಗಳ ಕಾಲ ಇತ್ತು. ಕೊನೆಗೆ ಅವರು ಅದನ್ನು ಗೋವೆಯ ಪೊರ್ವೊರಿಮಿನ ಕ್ಸೇವಿಯರ್ ಇತಿಹಾಸ ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಿದರು. ಕಲಾವಿದನನ್ನು ಕಳಿಸಿಬಿಟ್ಟ ನೆಲಕ್ಕೇ ಚಿತ್ರಗಳು ಮರಳಿದವು, ದಾನವಾಗಿ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಟಲಿಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೇನಿ ಅದರ ಗೋಡೆ, ಮಾಡು, ಕಮಾನುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಆ ಕೆಲಸದ ದೊಡ್ಡಸ್ತಿಕೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೊಸ್ಕೇನಿ ಜೆಸ್ವಿತ್ ಸಂಘದ ಬ್ರದರ್. ಊಟ, ವಸತಿ, ಬಣ್ಣ, ಏಣಿ ಎಲ್ಲಕ್ಕೂ ಸಂಘವಿತ್ತು. ಬೆಲೆಚೀಟಿ ಹಚ್ಚುವ ಪ್ರಮೇಯವೇ ಬರಲಿಲ್ಲ. ‘ನಿಜವಾದ ಕ್ರೈಸ್ತ ಕಲಾವಿದ ಮಾರುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಹಾಗೆ ಹೇಳುವವರ ಮನಸ್ಸಿನಲ್ಲಿ ಇರುವುದು ಇಂಥ ಸನ್ಯಾಸಿ ಕಲಾವಿದನೇ. ಬಾಡಿಗೆ ಮನೆಯಲ್ಲಿದ್ದು ಮಕ್ಕಳ ಶಾಲೆಯ ಫೀಜು ಕಟ್ಟಬೇಕಾದವರಿಗೆ ಆ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಸುವಾರ್ತೆಯದು. ದೇವಾಲಯದಲ್ಲಿ ಪಾರಿವಾಳ ಮಾರುವವರ ಆಸನಗಳನ್ನು ಯೇಸು ಕೆಡವಲಿಲ್ಲವೇ? ಎಫೆಸದ ಅಕ್ಕಸಾಲಿಗ ದೆಮೇತ್ರಿಯ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ, ವ್ಯಾಪಾರಕ್ಕೆ ಧಕ್ಕೆ ಬಂದಾಗ ಪೌಲನ ವಿರುದ್ಧ ಊರನ್ನೇ ಎಬ್ಬಿಸಿದ. ಈ ಎರಡು ಪ್ರಸಂಗಗಳನ್ನು ಮುಂದಿಟ್ಟರೆ ಮಾರಾಟದ ಮೇಜು ನಡುಗುವುದು ಸಹಜ. ಆದರೆ ಪಾರಿವಾಳ ಯಾರ ಕಾಣಿಕೆಯಾಗಿತ್ತು? ಕುರಿಮರಿ ಕೊಡಲಾಗದ ಬಡವರದು. ಮರಿಯ ಮತ್ತು ಜೋಸೆಫರೂ ಮಗುವನ್ನು ದೇವಾಲಯಕ್ಕೆ ತಂದಾಗ ಆ ಬಡವರ ಕಾಣಿಕೆಯ ನಿಯಮವನ್ನೇ ಪಾಲಿಸಿದರೆಂದು ಲೂಕ ಬರೆಯುತ್ತಾನೆ. ಹರಕೆಗೆ ಬಂದ ಬಡವನ ಮೇಲೆ ಲಾಭ ಹೊಡೆಯುವ ವ್ಯಾಪಾರ ಅದು. ಕೊಳ್ಳದೆ ವಿಧಿಯಿಲ್ಲದವನಿಗೆ ಮಾರುವುದು ಬೇರೆ, ಕೊಂಡರೆ ಕೊಳ್ಳಲಿ ಬಿಟ್ಟರೆ ಬಿಡಲಿ ಎಂದು ಗೋಡೆಗೆ ತೂಗುಹಾಕುವುದು ಬೇರೆ. ನಮ್ಮ ಪ್ರದರ್ಶನಕ್ಕೆ ಬಂದು ಬರಿಗೈಯಲ್ಲಿ ಹೊರಟವರ ಪುಣ್ಯವೇನೂ ಕಡಿಮೆಯಾಗದು. ದೆಮೇತ್ರಿಯನ ತಪ್ಪೂ ಮಾರಿದ್ದಲ್ಲ, ಮಾರಾಟ ನಿಲ್ಲುತ್ತದೆಂದು ಸತ್ಯವನ್ನು ಅಡಗಿಸಹೊರಟದ್ದು. ದೆಮೇತ್ರಿಯನ ಕಥೆ ಬರುವ ಬೈಬಲ್ಲಿನ ಪುಸ್ತಕದಲ್ಲೇ, ಹಿಂದಿನ ಅಧ್ಯಾಯದಲ್ಲಿ, ಪೌಲನೇ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಮಾಡುವ ಕಸುಬಿನಿಂದ ಬದುಕುತ್ತಿದ್ದಾನೆ. ಆ ಗುಡಾರಗಳನ್ನು ಅವನು ಪುಕ್ಕಟೆ ಹಂಚಿರಲಾರ.

ಮಾರುಕಟ್ಟೆ ರುಚಿಯನ್ನು ಕೆಡಿಸುತ್ತದೆ ಎಂಬ ಇನ್ನೊಂದು ಮಾತಿದೆ. ಮಿಂಚುಪುಡಿ ಬಳಿದ ಕ್ರಿಸ್ಮಸ್ ಕಾರ್ಡುಗಳನ್ನು ಕಂಡವರು ಇದನ್ನು ಒಪ್ಪಲೇಬೇಕು, ನಾನೂ ಒಪ್ಪುತ್ತೇನೆ. ಆದರೆ ಮಾರಾಟವನ್ನು ದೂರವಿಟ್ಟ ಕಡೆ ರುಚಿ ಉಳಿಯಿತೇ? ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ನಿಂತಿರುವುದು ಅಚ್ಚಿನಲ್ಲಿ ಎರಕ ಹೊಯ್ದ, ಗುಲಾಬಿ ಕೆನ್ನೆಯ ಗಾರೆಯ ಸ್ವರೂಪಗಳು. ಅವೂ ದುಡ್ಡು ಕೊಟ್ಟು ತಂದವೇ; ದುಡ್ಡು ಊರಿನ ಕಲಾವಿದನಿಗೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನು ನಮ್ಮ ನೆರೆಹೊರೆಯ ದೇವರಮನೆಗಳನ್ನು ನೋಡಿ. ಅಲ್ಲಿನ ಲಕ್ಷ್ಮಿ, ಸರಸ್ವತಿಯರ ರೂಪ ನೆಲೆಗೊಂಡದ್ದು ರಾಜಾ ರವಿವರ್ಮ 1894ರಲ್ಲಿ ತೆರೆದ ಕಲ್ಲಚ್ಚಿನ ಮುದ್ರಣಾಲಯದ ಅಗ್ಗದ ಪ್ರತಿಗಳಿಂದ. ಅರಮನೆಗಳ ಗೋಡೆಗೆ ಮೀಸಲಾಗಿದ್ದ ಚಿತ್ರ ಮಾರಾಟದ ದಾರಿ ಹಿಡಿದೇ ಗುಡಿಸಲಿನವರೆಗೆ ಬಂತು. ಕ್ರೈಸ್ತ ಕಲಾವಿದರೂ ಇದನ್ನು ಅರಿತಿದ್ದರು. ಜಪಾನಿನ ಸಾದಾವೊ ವತನಾಬೆ (1913–1996) ಕಿಮೊನೊ ಬಟ್ಟೆಗೆ ಬಣ್ಣ ಕಟ್ಟುವ ಕೊರೆಹಾಳೆಯ ವಿಧಾನದಲ್ಲಿ ಬೈಬಲ್ ಕಥೆಗಳನ್ನು ಕಾಗದಕ್ಕಿಳಿಸಿದರು. ಸಾಮಾನ್ಯ ಜನ ಸೇರುವ ಜಾಗದಲ್ಲಿ ತಮ್ಮ ಚಿತ್ರ ತೂಗಬೇಕೆಂಬುದು ಅವರ ಆಸೆ. ವಿಜಯವಾಡದಲ್ಲಿ ಸಂತ ಲೂಕರ ಹೆಸರಿನ ಲಲಿತಕಲಾ ಆಶ್ರಮ ಕಟ್ಟಿದ ಲುಥೆರನ್ ಪಾದ್ರಿ ಪಿ. ಸಾಲೊಮನ್ ರಾಜ್ ಮರದಚ್ಚು ಮತ್ತು ಬಾಟಿಕ್ ಹಿಡಿದರು. ಮರದಚ್ಚಿನಿಂದ ಒಂದೇ ಚಿತ್ರದ ಹಲವು ಪ್ರತಿ ತೆಗೆಯಬಹುದು, ಬೆಲೆ ಇಳಿಸಬಹುದು. ಮದರಾಸಿನ ಹೊರಗೆ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಸಂಗಾತಿಗಳು 1966ರಲ್ಲಿ ಚೋಳಮಂಡಲ ಕಲಾಗ್ರಾಮಕ್ಕೆ ನೆಲ ಕೊಂಡದ್ದು ಬಾಟಿಕ್ ಮುಂತಾದ ಕರಕುಶಲ ವಸ್ತುಗಳ ಮಾರಾಟದ ಬಲದಿಂದ. ಅದು ಕ್ರೈಸ್ತ ಸಂಸ್ಥೆಯಲ್ಲ, ಪಾಠ ಮಾತ್ರ ನಮಗೂ ಸಲ್ಲುತ್ತದೆ.

ಫೊನ್ಸೆಕರ ಸಮಕಾಲೀನರನ್ನು ಇಲ್ಲಿ ಬಿಟ್ಟರೆ ತಪ್ಪಾದೀತು. ಜೆ.ಜೆ. ಕಲಾಶಾಲೆಯ ಹೆಸರಾಂತ ಚಿತ್ರಕಾರ ಆಂಟೋನಿಯೊ ಕ್ಸೇವಿಯರ್ ತ್ರಿಂದಾದೆಯವರ ಮಗಳು ಆಂಜೆಲಾ ತ್ರಿಂದಾದೆ, ಗಾಂಧೀಜಿಯವರ ಚಿತಾಭಸ್ಮದ ಕಲಶವನ್ನು ವಿನ್ಯಾಸ ಮಾಡಿದ ಅಜಂಗಢದ ಫ್ರಾಂಕ್ ವೆಸ್ಲಿ, ಆಲ್‌ಫ್ರೆಡ್ ಥಾಮಸ್ ಇವರೆಲ್ಲ ಆ ಕಾಲದಲ್ಲಿ ಚಿತ್ರ ಬರೆದವರು. ಥಾಮಸ್ ಬರೆದ ಕ್ರಿಸ್ತನ ಜೀವನದ ಚಿತ್ರಗಳು 1948ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. 1950ರ ಪವಿತ್ರ ವರ್ಷದಲ್ಲಿ ವ್ಯಾಟಿಕನ್ ಏರ್ಪಡಿಸಿದ ಮಿಶನ್ ಕಲೆಯ ಪ್ರದರ್ಶನದಲ್ಲಿ ಭಾರತದ ಚಿತ್ರಗಳೂ ಇದ್ದವು. ಪುಸ್ತಕ, ಪ್ರದರ್ಶನ ಎರಡೂ ಕಡಲಾಚೆ ಎಂಬುದನ್ನು ಗಮನಿಸಿ. ಅದು ಎಬ್ಬಿಸುವ ಪ್ರಶ್ನೆಗೆ ಮುಂದೆ ಬರುತ್ತೇನೆ.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ತನ್ನ ಆರಾಧನಾ ವಿಧಿಯ ದಸ್ತಾವೇಜಿನಲ್ಲಿ ಯಾವ ಒಂದು ಕಲಾಶೈಲಿಯೂ ಧರ್ಮಸಭೆಯ ಸ್ವಂತದ್ದಲ್ಲ ಎಂದು ಸಾರಿದ ಮೇಲೆ ಬಾಗಿಲು ತೆರೆಯಿತು, ಮತ್ತು ಅದು ಅಗಲವಾಗಿ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. 1967ರಲ್ಲಿ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಕಥೋಲಿಕರ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿ ಕೇಂದ್ರ (ಎನ್.ಬಿ.ಸಿ.ಎಲ್.ಸಿ.) ಆರಂಭವಾಯಿತು, ಅದರ ಪ್ರಾರ್ಥನಾಲಯ ಭಾರತೀಯ ದೇಗುಲದ ರೂಪ ತಳೆಯಿತು. ಆ ರೂಪದ ಬಗ್ಗೆ ಎದ್ದ ಮಾತುಗಳು, ಪತ್ರಗಳು, ಮುನಿಸುಗಳು ಹಲವು. ಪರ, ವಿರೋಧ ಎರಡೂ ಕಡೆ ನಮ್ಮ ಹಿರಿಯರೇ ಇದ್ದುದರಿಂದ ಆ ಕಡತವನ್ನು ಈ ಸಂಚಿಕೆಯಲ್ಲಿ ಬಿಚ್ಚುವುದಿಲ್ಲ. ಆ ಕೇಂದ್ರಕ್ಕಾಗಿ ಕೆಲಸ ಮಾಡಿದ ಜ್ಯೋತಿ ಸಾಹಿಯವರ ಬಗ್ಗೆ ಮಾತ್ರ ಬಿಚ್ಚಿಯೇ ಹೇಳಬೇಕು. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಕಲಿತು, ವಾಸ್ತುಶಿಲ್ಪಿ ಲಾರಿ ಬೇಕರ್ ಅವರೊಡನೆ ಕಟ್ಟಡದ ಕೆಲಸ ಮಾಡಿ, ಹೆಸರಘಟ್ಟದ ಕಡೆಯ ಸಿಲ್ವೆಪುರದಲ್ಲಿ ನೆಲೆಸಿ ಕಲಾ ಆಶ್ರಮ ಕಟ್ಟಿದವರು ಅವರು. 1976ರಲ್ಲಿ ಜರ್ಮನಿಯ ಧರ್ಮಾಧ್ಯಕ್ಷರ ನೆರವು ಸಂಸ್ಥೆ ಮಿಸೆರಿಯೊರ್, ತಪಸ್ಸುಕಾಲದಲ್ಲಿ ಬಲಿಪೀಠದ ಮುಂದೆ ಚಿತ್ರದ ಪರದೆ ಇಳಿಬಿಡುವ ಮಧ್ಯಯುಗದ ಪದ್ಧತಿಗೆ ಮತ್ತೆ ಜೀವ ಕೊಟ್ಟಿತು. ಮೊಟ್ಟಮೊದಲ ಪರದೆಗೆ ಆರಿಸಿಕೊಂಡದ್ದು ಸಾಹಿಯವರ ಚಿತ್ರವನ್ನು. ಮುಂದೆ ಇಥಿಯೋಪಿಯ, ಹೈಟಿಯ ಕಲಾವಿದರು ಬಂದರು. 1990ರಲ್ಲಿ ಬೈಬಲ್ಲಿನ ಮಹಿಳೆಯರನ್ನು ಬರೆದ ನಮ್ಮ ದೇಶದ ಲೂಸಿ ಡಿಸೋಜ ಬಂದರು. ಆ ಪರದೆಗಳ ಅಚ್ಚುಪ್ರತಿಗಳನ್ನು ಧರ್ಮಕೇಂದ್ರಗಳು, ಶಾಲೆಗಳು, ಕುಟುಂಬಗಳು ದುಡ್ಡು ಕೊಟ್ಟು ತರಿಸಿಕೊಂಡು ತೂಗುಹಾಕುತ್ತವೆ, ಅದರ ಕೆಳಗೇ ಕೂತು ಬಡದೇಶಗಳ ಹಸಿವಿನ ಬಗ್ಗೆ ಧ್ಯಾನಿಸುತ್ತವೆ. ಚಿತ್ರ, ಪ್ರಾರ್ಥನೆ, ಮಾರಾಟ ಮೂರೂ ಒಂದಕ್ಕೊಂದು ಅಡ್ಡಬರದೆ ನಡೆಯಬಲ್ಲವು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಕಾಣದು.

ಈಗ ಬಾಕಿ ಉಳಿದ ಆಕ್ಷೇಪ. ಲಂಡನ್, ರೋಮ್, ಜರ್ಮನಿ: ಕೊಂಡವರೆಲ್ಲ ಹೊರಗಿನವರಾದರೆ ಇದು ವಿದೇಶಿಯರ ಗೋಡೆಗೆಂದು ತಯಾರಾದ ಭಾರತೀಯತೆಯಲ್ಲವೇ, ಕಮಲ, ದೀಪ, ಕಾವಿಬಟ್ಟೆಗಳ ಕ್ರಿಸ್ತ ಅವರ ಕಣ್ಣಿಗೆ ಹಿತವಾಗಲೆಂದು ಹುಟ್ಟಿದವನಲ್ಲವೇ? ದಲಿತ ಹಿನ್ನೆಲೆಯ ದೇವಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಇನ್ನೂ ಚೂಪಾಗಿ ಕೇಳಿದ್ದಾರೆ: ಆಶ್ರಮದ ಕ್ರಿಸ್ತ ಯಾರ ಭಾರತದವನು, ಹೊಲಗೇರಿಯ ತಮಟೆ ಆ ಚಿತ್ರದಲ್ಲಿ ಎಲ್ಲಿದೆ? ಈ ಟೀಕೆಯಲ್ಲಿ ಹುರುಳಿದೆ. ಆದರೂ ತಪ್ಪಿನ ಪಾಲನ್ನು ಸರಿಯಾಗಿ ಹಂಚಬೇಕು. ಊರಿನವರು ಕೊಳ್ಳದಿದ್ದಾಗ ಚಿತ್ರ ಕೊಳ್ಳುವವರ ಕಡೆಗೆ ನಡೆಯಿತು. ಕೊಳ್ಳುವವರ ಅಭಿರುಚಿ ಚಿತ್ರದೊಳಕ್ಕೆ ಇಳಿಯಿತು. ಇದಕ್ಕೆ ಮದ್ದು ಮಾರಾಟ ನಿಲ್ಲಿಸುವುದಲ್ಲ, ಗಿರಾಕಿಗಳನ್ನು ಹತ್ತಿರಕ್ಕೆ ತರುವುದು. ಧರ್ಮಕೇಂದ್ರದ ಹಬ್ಬದ ದಿನ, ಕನ್ನಡ ಮಾತಾಡುವ ಜನರ ನಡುವೆ, ಕೂಲಿ ಮಾಡುವವರ ಕೈಗೂ ಎಟುಕುವ ಬೆಲೆಗೆ ಅಚ್ಚುಪ್ರತಿ ಇಟ್ಟರೆ ಯಾವ ಚಿತ್ರ ಉಳಿಯುತ್ತದೆ, ಯಾವುದು ಖಾಲಿಯಾಗುತ್ತದೆ ಎಂಬುದೇ ಕಲಾವಿದರಿಗೆ ಒಂದು ಉತ್ತರ. ತಮಟೆ ಬಾರಿಸುವವರೇ ಕೊಳ್ಳುವವರಾದಾಗ ತಮಟೆ ಚಿತ್ರಕ್ಕೆ ಬಂದೇ ಬರುತ್ತದೆ.

ಸಾಹಿಯವರ ಪರದೆಯ ನಂತರದ ದಶಕಗಳನ್ನು ಬೇಗ ದಾಟಬಹುದು. 1978ರಲ್ಲಿ ಏಷ್ಯಾದ ಕ್ರೈಸ್ತ ಕಲಾ ಸಂಘ ಹುಟ್ಟಿತು, ಅದರ ಪತ್ರಿಕೆ ಹಲವು ದೇಶಗಳ ಕಲಾವಿದರನ್ನು ಪರಸ್ಪರ ಪರಿಚಯಿಸಿತು. ಕ್ಯಾಲೆಂಡರುಗಳು ಬಂದವು, ಕಾರ್ಡುಗಳು ಬಂದವು, ಮೊಬೈಲು ಬಂದ ಮೇಲೆ ಕಾರ್ಡುಗಳು ಹೋದವು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇನ್ನೊಂದು ಕೆಲಸ ಮಾಡಿತು: ಕುಮಾರಕೃಪಾ ರಸ್ತೆಯ ಬದಿಯಲ್ಲಿ ಚಿತ್ರ ಹರಡಿಕೊಂಡು ಕೂರುವುದು ಅವಮಾನವಲ್ಲ ಎಂಬುದನ್ನು ಊರಿಗೆಲ್ಲ ಒಪ್ಪಿಸಿತು.

ಹೀಗಿರುವಾಗ ನಮ್ಮ ಸಮಿತಿ ಮಾಡಬೇಕಾದದ್ದು ಮೂರು ಕೆಲಸ. ಬೆಲೆಯನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ. ಗುರುಗಳಿಗೊಂದು, ಪರಿಚಯದವರಿಗೊಂದು ದರ ಬೇಡ. ಪುಕ್ಕಟೆಯಾಗಿ ‘ದೇವರ ಸೇವೆಗೆ’ ಒಂದು ಚಿತ್ರ ಬರೆದುಕೊಡಿ ಎಂದು ಕಲಾವಿದರನ್ನು ಕೇಳುವ ಚರ್ಚುಗಳಿಗೆ ಸಮಿತಿಯೇ ವಿನಯದಿಂದ ಇಲ್ಲವೆನ್ನಲಿ. ಗ್ರಾನೈಟು ಹಾಸುವವನನ್ನೂ ಧ್ವನಿವರ್ಧಕ ಕೂರಿಸುವವನನ್ನೂ ಯಾರೂ ಹಾಗೆ ಕೇಳುವುದಿಲ್ಲ. ಕೊನೆಯದಾಗಿ, ಮಾರಾಟದ ಪುಸ್ತಕವೊಂದನ್ನು ಇಡಲಿ: ಯಾವ ಚಿತ್ರ, ಮೂಲವೋ ಅಚ್ಚೋ, ಅಚ್ಚಾದರೆ ಎಷ್ಟನೆಯ ಪ್ರತಿ, ಎಷ್ಟಕ್ಕೆ ಹೋಯಿತು, ಯಾವ ಊರಿಗೆ ಹೋಯಿತು, ಅದರಲ್ಲಿ ಕಲಾವಿದರ ಕೈಸೇರಿದ್ದೆಷ್ಟು. ಮುಂದಿನ ಸಂಚಿಕೆಗೆ ಬರೆಯುವವರು ಮೊದಲು ಆ ಪುಸ್ತಕವನ್ನು ಕೇಳಿ ತರಿಸಿಕೊಳ್ಳಲಿ, ಭಾವಚಿತ್ರಗಳನ್ನು ಆಮೇಲೆ.