ಮೇಷ್ಟರೇ ವಿದ್ಯಾರ್ಥಿಗಳಾದ ಬೇಸಿಗೆಗಳು

ಬೇಸಿಗೆ ರಜೆ ಮಕ್ಕಳಿಗೆ ಹೇಗೋ ಮೇಷ್ಟರಿಗೂ ಹಾಗೆಯೇ ಬಿಡುವಿನ ಕಾಲ. ಆದರೆ ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಜಿಲ್ಲೆಯಲ್ಲಿ ಮೂರು ದಶಕಗಳ ಕಾಲ ವಿಜ್ಞಾನ ಶಿಕ್ಷಕರು ಈ ರಜೆಯಲ್ಲಿ ತಾವೇ ವಿದ್ಯಾರ್ಥಿಗಳಾಗಿ ಕುಳಿತರು.

ಕಿಶೋರ್ ಭಾರತಿ ಹಾಗೂ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಸರ್ಕಾರದ ಒಪ್ಪಿಗೆ ಪಡೆದು 1972ರಲ್ಲಿ 16 ಶಾಲೆಗಳಲ್ಲಿ ಈ ವಿಜ್ಞಾನ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿದವು. ಆರರಿಂದ ಎಂಟನೇ ತರಗತಿಯ ಮಕ್ಕಳು ವಿಜ್ಞಾನವನ್ನು ಬಾಯಿಪಾಠ ಮಾಡದೆ, ಪ್ರಯೋಗ ಮಾಡಿ ಕಲಿಯಬೇಕು ಎಂಬುದು ಇದರ ಆಶಯ. ಆದರೆ ಸ್ವತಃ ಪ್ರಯೋಗ ಮಾಡಿ ಅರಿಯದ ಶಿಕ್ಷಕ ಮಕ್ಕಳಿಂದ ಮಾಡಿಸುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ ಬೇಸಿಗೆ ಶಿಬಿರ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದಕ್ಕೆ ನೆರವಾದರು. ಸುಮಾರು ಮೂರು ವಾರಗಳ ಶಿಬಿರದಲ್ಲಿ ಭಾಷಣಕ್ಕೆ ಹೆಚ್ಚಿನ ಸ್ಥಾನವಿರಲಿಲ್ಲ. ಶಿಕ್ಷಕರು ಚಿಕ್ಕ ಗುಂಪುಗಳಲ್ಲಿ ಕುಳಿತು, ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೇ ಮಾಡಿ, ಕಂಡದ್ದನ್ನು ಬರೆದು ಚರ್ಚಿಸಬೇಕಿತ್ತು. ಹೂವನ್ನು ಬಿಡಿಸಿ ನೋಡಲು ದುಬಾರಿ ಸೂಜಿ ಬೇಕಿಲ್ಲ, ಜಾಲಿಮುಳ್ಳು ಸಾಕು ಎಂಬುದು ಅಲ್ಲಿ ರೂಢಿಯಾಯಿತು. ಒಂದೇ ವಸ್ತುವನ್ನು ನಾಲ್ವರು ಅಳೆದಾಗ ನಾಲ್ಕು ಉತ್ತರ ಬಂದರೆ, ಏಕೆಂದು ಎಲ್ಲರೂ ಕೂಡಿ ಯೋಚಿಸಬೇಕಿತ್ತು. ವರ್ಷಗಟ್ಟಲೆ ಪಾಠ ಹೇಳಿದವರಿಗೆ ‘ಇದು ನನಗೆ ಗೊತ್ತಿಲ್ಲ, ಮಾಡಿ ನೋಡೋಣ’ ಎನ್ನುವುದು ಸುಲಭದ ಮಾತಲ್ಲ. ಶಿಬಿರ ಕಲಿಸಲು ಹೊರಟದ್ದು ಮುಖ್ಯವಾಗಿ ಇದನ್ನೇ.

1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಹೊಣೆ ಹೊತ್ತ ಮೇಲೆ ಇತರ ಜಿಲ್ಲೆಗಳಿಗೂ ಕಾಲಿಟ್ಟಿತು. ಶಾಲೆ ತೆರೆದ ಮೇಲೆ ಮಾಸಿಕ ಸಭೆಗಳಲ್ಲಿ ಶಿಕ್ಷಕರು ತಮ್ಮ ತೊಡಕುಗಳನ್ನು ಹಂಚಿಕೊಳ್ಳುತ್ತಿದ್ದರು. ಅವರಲ್ಲಿ ಹಲವರು ಮುಂದಿನ ಶಿಬಿರಗಳಿಗೆ ತರಬೇತುದಾರರಾದರು. ‘ಬಾಲ ವೈಜ್ಞಾನಿಕ’ ಎಂಬ ಪಠ್ಯವನ್ನು ಪರಿಷ್ಕರಿಸುವಾಗಲೂ ಅವರ ಅನುಭವ ನೆರವಿಗೆ ಬಂತು. ಪರೀಕ್ಷೆಯೂ ಬದಲಾಯಿತು: ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು.

ಆದರೆ 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಉಳಿದೆಡೆಯ ಪಠ್ಯಪುಸ್ತಕವೇ ಈ ಶಾಲೆಗಳಿಗೂ ಬಂತು. ಮೂರು ವರ್ಷಗಳ ಬಳಿಕ, ಯಶ್ ಪಾಲ್ ಅಧ್ಯಕ್ಷತೆಯ ಸಮಿತಿ ರೂಪಿಸಿದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕೆಂದು ಹೇಳಿತು. ಹೋಶಂಗಾಬಾದ್ ಪ್ರಯೋಗದ ಆರಂಭದ ದಿನಗಳಲ್ಲಿ ಬೆಂಬಲವಾಗಿ ನಿಂತವರಲ್ಲಿ ಇದೇ ಯಶ್ ಪಾಲ್ ಒಬ್ಬರೆಂಬುದು ಗಮನಾರ್ಹ.

ಹೊಸ ಪಠ್ಯಪುಸ್ತಕವನ್ನು ಒಂದು ಆದೇಶದಿಂದ ಶಾಲೆಗೆ ತಲುಪಿಸಬಹುದು. ಅದನ್ನು ಅರಿತು ಕಲಿಸುವ ಶಿಕ್ಷಕರನ್ನು ರೂಪಿಸಲು ಎಷ್ಟು ಬೇಸಿಗೆಗಳು ಬೇಕು ಎಂಬುದನ್ನು ಹೋಶಂಗಾಬಾದ್ ತೋರಿಸಿಕೊಟ್ಟಿದೆ.