ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ: ಇತಿಹಾಸ ಮತ್ತು ದಾಖಲೆಗಳು

ಕೆಎಸ್ಆರ್‌ಟಿಸಿ ಎಂಬ ಮೊಟಕು ಹೆಸರಿನಿಂದಲೂ, ಹಳ್ಳಿಗಳಲ್ಲಿ ಕೆಂಪು ಬಸ್ಸು, ಸರ್ಕಾರಿ ಬಸ್ಸು ಎಂದೂ ಪರಿಚಿತವಾದ ಸಾರಿಗೆ ಸಂಸ್ಥೆ. ಇದು ಹುಟ್ಟಿದ ವರ್ಷ ಯಾವುದೆಂದು ಕೇಳಿದರೆ 1948, 1961, 1973 ಎಂಬ ಮೂರು ಉತ್ತರಗಳು ಸಿಗುತ್ತವೆ. ಮೂರಕ್ಕೂ ಆಧಾರವಿದೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದಾಗ ನಿಗಮದ ಹೆಸರಿನಲ್ಲೂ ಮೈಸೂರು ಹೋಗಿ ಕರ್ನಾಟಕ ಬಂತು.

ಆದರೆ 1948 ಎಂಬ ಮೊದಲ ಇಸವಿ ಹಳೆಯ ಮೈಸೂರಿನದು ಮಾತ್ರ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1932ರ ಜೂನ್‌ನಲ್ಲೇ ನಿಜಾಮರ ಸರ್ಕಾರ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ವಿಭಾಗ ತೆರೆದಿತ್ತು. ಅದು ನಿಜಾಮರ ರೈಲ್ವೆಯ ಅಂಗವಾಗಿತ್ತು. ಹಾಗಾಗಿ ಆ ಭಾಗದ ಬಸ್ಸಿನ ಆದಿಕಾಲವನ್ನು ಹುಡುಕುವವರು ರೈಲ್ವೆಯ ಕಡತಗಳ ಕಡೆಗೇ ತಿರುಗಬೇಕು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನು ಹೈದರಾಬಾದಿನಲ್ಲಿ ಉಳಿಸಿಕೊಂಡಿದ್ದಾರೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳದು ಇನ್ನೊಂದು ವಂಶ. ಅವು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಸರ್ಕಾರಿ ಬಸ್ಸಿನ ಮೊದಲ ಓಡಾಟ 1948ರ ಜೂನ್ 1ರಂದು, ಪುಣೆಯಿಂದ ಅಹ್ಮದ್‌ನಗರಕ್ಕೆ. ಮೈಸೂರಿನ ಇಲಾಖೆಗಿಂತ ಅದು ಮೂರು ತಿಂಗಳು ಹಿರಿಯದು. 1956ರ ನವೆಂಬರ್ 1ರ ರಾಜ್ಯಗಳ ಪುನರ್ವಿಂಗಡಣೆಯ ನಂತರ ಈ ಎರಡೂ ಕಡೆಯ ಬಸ್ಸು, ಡಿಪೊ, ಸಿಬ್ಬಂದಿ ಎಲ್ಲವೂ ಮೈಸೂರು ರಾಜ್ಯದ ಪಾಲಿಗೆ ಬಂದವು. 1948ನ್ನು ಇಡೀ ನಿಗಮದ ಜನ್ಮವರ್ಷವೆಂದು ಬರೆದರೆ ಉತ್ತರ ಕರ್ನಾಟಕದ ಅರ್ಧ ಕಥೆ ಬಿಟ್ಟುಹೋಗುತ್ತದೆ. ಬೆಂಗಳೂರು ನಗರದ ಸಾಲು ಬೇರೆಯೇ: 1940ರಲ್ಲಿ ಶುರುವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 1956ರಲ್ಲಿ ಸರ್ಕಾರದ ವಶವಾಗಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಅಂದರೆ ಬಿಟಿಎಸ್ ಆಯಿತು, 1961ರ ಅಕ್ಟೋಬರ್ 1ರಂದು ನಿಗಮದೊಳಗೆ ಸೇರಿತು. ಕರಾವಳಿಯಲ್ಲಿ ಮಾತ್ರ ಖಾಸಗಿ ಬಸ್ಸಿನದೇ ಮೇಲುಗೈ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಸಿಪಿಸಿ, 1914ರದು.

ಹಳೆಯ ಕಾಗದಪತ್ರ ಓದುವವರನ್ನು ದಾರಿತಪ್ಪಿಸುವ ಇನ್ನೊಂದು ತೊಡಕು ಮೊಟಕು ಹೆಸರಿನದು. 1961ರಿಂದ 1973ರವರೆಗೆ ಎಂಎಸ್ಆರ್‌ಟಿಸಿ ಎಂದರೆ ಮೈಸೂರಿನ ನಿಗಮವೂ ಹೌದು, ಮಹಾರಾಷ್ಟ್ರದ ನಿಗಮವೂ ಹೌದು. ಅದೇ ಅವಧಿಯ ಕೊನೆಯ ಎಂಟು ವರ್ಷ ಕೆಎಸ್ಆರ್‌ಟಿಸಿ ಎಂದರೆ ಕೇರಳದ ನಿಗಮ ಮಾತ್ರ. ಗಡಿ ಭಾಗದ ಹಳೆಯ ಟಿಕೆಟ್ಟು, ವೇಬಿಲ್ಲು ಕೈಗೆ ಸಿಕ್ಕಾಗ ಅಕ್ಷರಗಳನ್ನಷ್ಟೇ ನಂಬದೆ ಊರಿನ ಹೆಸರು, ಲಿಪಿ, ಡಿಪೊ ನೋಡಿಯೇ ನಿರ್ಧರಿಸಬೇಕು.

ನಿಗಮದ ಕುರಿತು ಅತ್ಯಂತ ಗಟ್ಟಿಯಾದ ದಾಖಲೆ ಉಳಿದಿರುವುದು ನ್ಯಾಯಾಲಯಗಳಲ್ಲಿ. ಪ್ರವಾಸಕ್ಕೆಂದು ಪರವಾನಗಿ ಪಡೆದ ಖಾಸಗಿ ವಾಹನಗಳು ದಾರಿಯುದ್ದಕ್ಕೂ ಜನ ಹತ್ತಿಸಿಕೊಂಡು ಓಡುತ್ತಿವೆ ಎಂಬ ಕಾರಣಕ್ಕೆ, 1976ರ ಕರ್ನಾಟಕ ಕಾಂಟ್ರ್ಯಾಕ್ಟ್ ಕ್ಯಾರೇಜ್ ಸ್ವಾಧೀನ ಕಾಯ್ದೆಯ ಮೂಲಕ ಸರ್ಕಾರ ಅವನ್ನು ವಶಪಡಿಸಿಕೊಂಡು ನಿಗಮಕ್ಕೆ ಒಪ್ಪಿಸಿತು. ಹೈಕೋರ್ಟ್ ಕಾಯ್ದೆಯನ್ನು ರದ್ದುಪಡಿಸಿತು; 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವೇ ಎಂದು ಅಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆದ ಅಭಿಪ್ರಾಯ ಬಸ್ಸುಗಳನ್ನು ದಾಟಿ ಬಹುದೂರ ಹೋಯಿತು. ಅಷ್ಟು ವಿಶಾಲವಾದ ಅರ್ಥವನ್ನು 2024ರ ನವೆಂಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಬಹುಮತ ಒಪ್ಪಲಿಲ್ಲ. ಕರ್ನಾಟಕದ ಬಸ್ಸುಗಳ ಜಗಳವೊಂದು ಸಮುದಾಯದ ಸಂಪನ್ಮೂಲಗಳ ಹಂಚಿಕೆಯ ಕುರಿತಾದ ಸಂವಿಧಾನದ 39(ಬಿ) ವಿಧಿಯ ಚರ್ಚೆಯಲ್ಲಿ ಸುಮಾರು ಅರ್ಧ ಶತಮಾನ ಬಾಳಿತು ಎಂಬುದನ್ನು ನಿಗಮದ ಚರಿತ್ರೆಗಳು ಗುರುತಿಸಲೇಬೇಕು.

ಮುಂದೆ ನಿಗಮವೇ ಒಡೆಯಿತು: 1997ರಲ್ಲಿ ಬೆಂಗಳೂರು ನಗರದ ಬಿಎಂಟಿಸಿ ಮತ್ತು ವಾಯವ್ಯ ಸಾರಿಗೆ, 2000ದಲ್ಲಿ ಈಶಾನ್ಯ ಸಾರಿಗೆ ಅದರಿಂದ ಬೇರೆಯಾದವು; ಕೊನೆಯದಕ್ಕೆ 2021ರಲ್ಲಿ ಕಲ್ಯಾಣ ಕರ್ನಾಟಕದ ಹೆಸರು ಬಂತು.

ಹುಟ್ಟಿದ ವರ್ಷದ ಪ್ರಶ್ನೆ ಮತ್ತೆ ಎದ್ದದ್ದು ಟ್ರೇಡ್‌ಮಾರ್ಕ್ ವಿವಾದದಲ್ಲಿ. ಕೆಎಸ್ಆರ್‌ಟಿಸಿ ಎಂಬ ಹೆಸರನ್ನೂ ಗಂಡಭೇರುಂಡದ ಲಾಂಛನವನ್ನೂ ಕರ್ನಾಟಕ ತನ್ನ ಹೆಸರಿಗೆ ನೋಂದಾಯಿಸಿಕೊಂಡಿತ್ತು. ಕೇರಳ ಇದನ್ನು ಚೆನ್ನೈನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯಲ್ಲಿ ಪ್ರಶ್ನಿಸಿತು. ಇಲ್ಲಿ ಲೆಕ್ಕಕ್ಕೆ ಬಂದದ್ದು ಬಸ್ಸು ಮೊದಲು ಓಡಿದ ದಿನವಲ್ಲ, ಅಕ್ಷರಗಳು ಮೊದಲು ಬಳಕೆಯಾದ ದಿನ: ಕರ್ನಾಟಕಕ್ಕೆ 1973, ಕೇರಳಕ್ಕೆ 1965. ತಿರುವಾಂಕೂರಿನ ಸರ್ಕಾರಿ ಬಸ್ಸು 1938ರದು, ಮೈಸೂರಿನದು 1948ರದು ಎಂಬುದು ಇಲ್ಲಿ ಕೆಲಸಕ್ಕೆ ಬಾರಲಿಲ್ಲ. ತನ್ನ ಹಳಮೆಯನ್ನು ತೋರಿಸಲು ಕೇರಳ ನೆಚ್ಚಿಕೊಂಡ ಪುರಾವೆಗಳಲ್ಲಿ, ಬಸ್ಸಿನಲ್ಲೇ ಕಥೆ ನಡೆಯುವ 1969ರ ಮಲಯಾಳಂ ಚಿತ್ರ ‘ಕಣ್ಣೂರ್ ಡೀಲಕ್ಸ್’ ಕೂಡ ಇತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಕಚೇರಿಯ ಕಡತದಷ್ಟೇ ಸಿನಿಮಾದ ರೀಲೂ ಬಸ್ಸಿನ ದಾಖಲೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

2021ರ ಜೂನ್‌ನಲ್ಲಿ ಹೆಸರು ತನಗೇ ದಕ್ಕಿತೆಂದು ಕೇರಳ ಪ್ರಕಟಿಸಿತು. ಅಂತಿಮ ಆದೇಶವೇ ಬಂದಿಲ್ಲವೆಂದು ಕರ್ನಾಟಕ ಅಲ್ಲಗಳೆಯಿತು. ಅದೇ ವರ್ಷ ಮೇಲ್ಮನವಿ ಮಂಡಳಿ ರದ್ದಾಗಿದ್ದರಿಂದ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಕೇರಳದ ಅರ್ಜಿ ವಜಾ ಆಯಿತು. ಒಂದೇ ಹೆಸರು ಹೊತ್ತ ಎರಡು ರಾಜ್ಯಗಳ ಬಸ್ಸುಗಳು ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ.