ಡೀಸೆಲ್ ಫಿಲ್ಟರ್

ಡೀಸೆಲ್ ಫಿಲ್ಟರ್ ಅಥವಾ ಡೀಸೆಲ್ ಇಂಧನ ಶೋಧಕವು ಟ್ಯಾಂಕಿನಿಂದ ಎಂಜಿನ್ನಿಗೆ ಹರಿಯುವ ಡೀಸೆಲ್‌ನಲ್ಲಿರುವ ಧೂಳು, ತುಕ್ಕು ಮತ್ತು ನೀರನ್ನು ತಡೆಯುವ ಬಿಡಿಭಾಗವಾಗಿದೆ. ಇದನ್ನು ನಿಗದಿತ ಅವಧಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ಹಲವು ವಾಹನಗಳಲ್ಲಿ ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಕೊಳೆಯನ್ನು ತಡೆಯಲೆಂದು ಕೈಗೊಂಡ ಕೆಲಸದಲ್ಲಿಯೇ ಕೊಳೆ ಒಳಸೇರುವ ಸಂಭವವೂ ಉಂಟು.

ಅಗತ್ಯ

ಜರ್ಮನಿಯ ರುಡಾಲ್ಫ್ ಡೀಸೆಲ್ (1858–1913) ರೂಪಿಸಿದ ಎಂಜಿನ್ನಿನಲ್ಲಿ ಕಿಡಿಯ ನೆರವಿಲ್ಲದೆ, ಒತ್ತಡದಿಂದ ಕಾದ ಗಾಳಿಯಲ್ಲಿಯೇ ಇಂಧನ ಹೊತ್ತಿಕೊಳ್ಳುತ್ತದೆ. ಇಂಧನವನ್ನು ಸಿಂಪಡಿಸುವ ಇಂಜೆಕ್ಟರುಗಳ ಚಲಿಸುವ ಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನುಗಳಷ್ಟು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ, ಕಣ್ಣಿಗೆ ಕಾಣದ ಮರಳಿನ ಕಣವೂ ಅಲ್ಲಿ ಗೀರು ಮೂಡಿಸಬಲ್ಲದೆಂಬುದು ತಿಳಿಯುತ್ತದೆ. ಇಂದಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಧನದ ಒತ್ತಡ 1,600 ಬಾರ್‌ಗೂ ಮೀರಬಹುದಾದ್ದರಿಂದ ಹಾನಿ ಇನ್ನೂ ತ್ವರಿತ. ಬೆಂಗಳೂರಿನಲ್ಲಿ ಡೀಸೆಲ್ ಪಂಪು ಮತ್ತು ಇಂಜೆಕ್ಟರುಗಳನ್ನು ತಯಾರಿಸುತ್ತಿದ್ದ, 1951ರಲ್ಲಿ ಸ್ಥಾಪಿತವಾದ ಮೈಕೋ (ಈಗಿನ ಬಾಷ್) ಕಾರ್ಖಾನೆಯಿಂದಾಗಿ ಈ ಭಾಗಗಳ ಹೆಸರುಗಳು ಕರ್ನಾಟಕದ ಲಾರಿ, ಟ್ರ್ಯಾಕ್ಟರ್ ಮಾಲೀಕರಿಗೆ ಚಿರಪರಿಚಿತ.

ನೀರು ಇನ್ನೊಂದು ಶತ್ರು. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ತೇವಾಂಶ ಹನಿಗಟ್ಟುತ್ತದೆ. ಡ್ರಮ್ಮು, ಕ್ಯಾನುಗಳಲ್ಲಿ ಸಂಗ್ರಹಿಸಿದ ಡೀಸೆಲ್‌ನಲ್ಲಿಯೂ ನೀರು ಸೇರುತ್ತದೆ. ಡೀಸೆಲ್‌ಗಿಂತ ಭಾರವಾದ ನೀರು ಫಿಲ್ಟರಿನ ತಳದಲ್ಲಿ ನಿಲ್ಲುವುದರಿಂದ, ಅದನ್ನು ಹೊರಬಿಡಲು ಹಲವು ಫಿಲ್ಟರುಗಳ ಕೆಳಗೆ ತಿರುಪು ಇರುತ್ತದೆ. ಏರಿನಲ್ಲಿ ಶಕ್ತಿ ಕುಂದುವುದು, ವಾಹನ ಎಳೆದೆಳೆದು ಸಾಗುವುದು, ತಡವಾಗಿ ಸ್ಟಾರ್ಟ್ ಆಗುವುದು ಫಿಲ್ಟರ್ ಕಟ್ಟಿಕೊಂಡಿರುವುದರ ಲಕ್ಷಣಗಳು. ಇವು ಕಾಣುವವರೆಗೆ ಕಾಯದೆ ವಾಹನದ ಕೈಪಿಡಿಯಲ್ಲಿ ಸೂಚಿಸಿದ ಅವಧಿಯನ್ನು ಪಾಲಿಸುವುದು ಲೇಸು.

ಬದಲಾಯಿಸುವ ವಿಧಾನ

ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ, ಬೆಂಕಿಯಿಂದ ದೂರದಲ್ಲಿ ಕೆಲಸ ಮಾಡಬೇಕು. ಬಿಚ್ಚುವ ಮೊದಲೇ ಫಿಲ್ಟರಿನ ಸುತ್ತಲಿನ ಮಣ್ಣನ್ನು ಒರೆಸಿ ತೆಗೆಯುವುದು ಅತಿಮುಖ್ಯ. ಹಳೆಯ ಡೀಸೆಲ್ ಹಿಡಿಯಲು ಕೆಳಗೆ ಒಂದು ಪಾತ್ರೆಯಿಡಬೇಕು. ಹೊಸ ಫಿಲ್ಟರಿನ ರಬ್ಬರ್ ವಾಷರಿಗೆ ಶುದ್ಧ ಡೀಸೆಲ್ ಸವರಿ, ಕೈಯಿಂದ ತಿರುಗಿಸಿ ಕೂರಿಸಿದ ಬಳಿಕ ತಯಾರಕರು ಸೂಚಿಸಿದಷ್ಟು ಮಾತ್ರ ಬಿಗಿಯಬೇಕು. ಹಳೆಯ ವಾಷರನ್ನೇ ಮತ್ತೆ ಹಾಕುವುದು ಉಳಿತಾಯವೆನಿಸುವುದಿಲ್ಲ. ಅಲ್ಲಿಂದ ಡೀಸೆಲ್ ಸೋರದಿದ್ದರೂ ಗಾಳಿ ಒಳಸೇರಬಹುದು.

ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿ ಕೂರಿಸುವ ರೂಢಿ ಹಳೆಯ ಎಂಜಿನ್ನುಗಳ ಕಾಲದಿಂದ ಬಂದದ್ದು. ಸಾಮಾನ್ಯವಾಗಿ ತಿರುಗಿಸಿ ಕೂರಿಸುವ ಫಿಲ್ಟರುಗಳಲ್ಲಿ ಅಂಚಿನ ರಂಧ್ರಗಳಿಂದ ಒಳಬಂದ ಡೀಸೆಲ್ ಕಾಗದದ ಪದರಗಳ ಮೂಲಕ ಸೋಸಿ ನಡುವಿನ ರಂಧ್ರದಿಂದ ಹೊರಹೋಗುತ್ತದೆ. ನಡುವಿನ ರಂಧ್ರದಲ್ಲಿಯೇ ಸುರಿದ ಡೀಸೆಲ್ ಸೋಸದೆಯೇ ಇಂಜೆಕ್ಟರಿಗೆ ತಲುಪುತ್ತದೆ. ಆದ್ದರಿಂದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಈ ರೂಢಿ ತರವಲ್ಲ.

ಗಾಳಿ ತೆಗೆಯುವುದು

ಮೆಕ್ಯಾನಿಕ್ಕುಗಳು 'ಏರ್ ಹಿಡಿದಿದೆ' ಎನ್ನುವುದು ಇಂಧನದ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡ ಸ್ಥಿತಿಗೆ. ಗಾಳಿ ಒತ್ತಿದರೆ ಕುಗ್ಗುವುದರಿಂದ ಪಂಪಿನ ಒತ್ತಡ ಇಂಜೆಕ್ಟರನ್ನು ತಲುಪುವುದಿಲ್ಲ. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹಳೆಯ ಟ್ರ್ಯಾಕ್ಟರ್, ಜೀಪುಗಳಲ್ಲಿ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತುತ್ತಾರೆ. ಮೊದಲು ನೊರೆ ಬರುತ್ತದೆ; ಗುಳ್ಳೆಯಿಲ್ಲದ ಡೀಸೆಲ್ ಹರಿಯತೊಡಗಿದಾಗ, ಹರಿಯುತ್ತಿರುವಂತೆಯೇ ತಿರುಪನ್ನು ಬಿಗಿಯಬೇಕು. ಟ್ಯಾಂಕಿನಲ್ಲಿ ವಿದ್ಯುತ್ ಪಂಪ್ ಇರುವ ಕಾರುಗಳಲ್ಲಿ ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಹಲವು ಬಾರಿ ಆನ್ ಮಾಡಿ, ಪ್ರತಿಬಾರಿಯೂ ಸ್ವಲ್ಪ ಕಾಯುವುದು ವಾಡಿಕೆ. ಗಾಳಿ ತೆಗೆಯದೆ ಸ್ಟಾರ್ಟರನ್ನೇ ಸತತವಾಗಿ ತಿರುಗಿಸಿದರೆ ಬ್ಯಾಟರಿ ಇಳಿದು ಸ್ಟಾರ್ಟರ್ ಬಿಸಿಯಾಗುತ್ತದೆ.

ಎಚ್ಚರಿಕೆ

ಕಾಮನ್ ರೈಲ್ ಎಂಜಿನ್ನಿನ ಅಧಿಕ ಒತ್ತಡದ ಕೊಳವೆಗಳನ್ನು ಮನೆಯಲ್ಲಿ ಸಡಿಲಿಸಲೇಬಾರದು. ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬಾರದು. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೊಗುತ್ತದೆ. ಮೇಲೆ ಚಿಕ್ಕ ಚುಕ್ಕೆಯಷ್ಟೇ ಕಂಡರೂ ಒಳಗೆ ಮಾಂಸಖಂಡ ಕೊಳೆಯಬಹುದಾದ್ದರಿಂದ ತಕ್ಷಣ ಆಸ್ಪತ್ರೆಗೆ ಹೋಗಿ, ಗಾಯವಾದ ಬಗೆಯನ್ನು ವೈದ್ಯರಿಗೆ ತಿಳಿಸಬೇಕು. ಹಳೆಯ ಫಿಲ್ಟರ್ ಮತ್ತು ಕೊಳೆ ಡೀಸೆಲನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯದೆ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.